ಬವರಿ ಬೀದಿಯ ಕತ್ತಲೆ ಕೋಣೆ: ಪಂಕ್ ರಾಕ್ ಹುಟ್ಟಿದ ಮನೆಯ ಕೊನೆಯ ರಾತ್ರಿ

ಪುಣೆಯಲ್ಲೋ ಬೆಂಗಳೂರಲ್ಲೋ ಓದುವ ಹುಡುಗ ರಜೆಗೆ ಊರಿಗೆ ಬರುತ್ತಾನೆ. ಮೈಮೇಲೊಂದು ಕಪ್ಪು ಟೀ ಶರ್ಟ್. ಎದೆಯ ಮೇಲೆ ದುಂಡನೆಯ ಮುದ್ರೆ, ಅದರ ನಡುವೆ ರೆಕ್ಕೆ ಬಿಚ್ಚಿದ ಹದ್ದು, ಸುತ್ತಲೂ ಇಂಗ್ಲಿಷಿನಲ್ಲಿ ನಾಲ್ಕು ಹೆಸರು. "ಇದೇನೋ ತಮ್ಮಾ, ಅಮೆರಿಕಾ ಸರಕಾರದ ಸಿಕ್ಕಾ ಹಾಕ್ಕೊಂಡು ಬಂದೀಯಲ್ಲ?" ಅಂತ ಅಜ್ಜ ಕೇಳಿದರೆ ಅವರ ಊಹೆ ಪೂರ್ತಿ ತಪ್ಪೇನೂ ಅಲ್ಲ. ಅಮೆರಿಕಾದ ಅಧ್ಯಕ್ಷರ ಮುದ್ರೆಯನ್ನೇ ನೋಡಿ ಬರೆದ ಚಿತ್ರ ಅದು. ಹದ್ದಿನ ಕಾಲಲ್ಲಿ ಬಾಣಗಳಿರಬೇಕಾದ ಜಾಗದಲ್ಲಿ ಬೇಸ್‌ಬಾಲ್ ದಾಂಡು ಇದೆ!

ಆ ಮುದ್ರೆ ರಮೋನ್ಸ್ ಎಂಬ ಪಂಕ್ ರಾಕ್ ತಂಡದ್ದು. ಅವರ ಹಾಡು ಒಂದೂ ಕೇಳದವರೂ ಆ ಅಂಗಿ ತೊಡುತ್ತಾರೆ. ಅಂಗಿ ಊರೂರು ಸೇರಿತು. ಆದರೆ ಆ ಹಾಡುಗಳಿಗೆ ಮೊದಲು ಜಾಗ ಕೊಟ್ಟ ನ್ಯೂಯಾರ್ಕಿನ ಪುಟ್ಟ ಕ್ಲಬ್ಬು 2006ರ ಅಕ್ಟೋಬರ್ 15ರಂದು ಬಾಗಿಲು ಮುಚ್ಚಿತು.

ಅಂದು ಭಾನುವಾರ. ಮ್ಯಾನ್‌ಹಟನ್ನಿನ ಬವರಿ ಬೀದಿಯ 315ನೇ ನಂಬರಿನ ಮುಂದೆ ಜನವೋ ಜನ. ಒಳಗೆ ಹಿಡಿಸುವುದು ಮುನ್ನೂರು ಚಿಲ್ಲರೆ ಮಂದಿ ಮಾತ್ರ. ಟಿಕೆಟ್ ಸಿಗದವರು ಹೊರಗೆ ನಿಂತು, ಬಾಗಿಲ ಮೇಲಿನ ಬಿಳಿ ಕ್ಯಾನ್‌ವಾಸ್ ಮರೆಯ ಫೋಟೋ ತೆಗೆದುಕೊಳ್ಳುತ್ತಿದ್ದರು. ಅದರ ಮೇಲೆ ದೊಡ್ಡದಾಗಿ 'ಸಿಬಿಜಿಬಿ' ಎಂಬ ನಾಲ್ಕು ಅಕ್ಷರ. ಬಿಡಿಸಿ ಹೇಳಿದರೆ ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್. ಮೂರೂ ಅಮೆರಿಕಾದ ಹಳೆಯ ಹಾಡುಗಾರಿಕೆಯ ಬಗೆಗಳು. ಈ ಮೂರರಲ್ಲಿ ಯಾವುದರಿಂದಲೂ ಕ್ಲಬ್ಬಿಗೆ ಹೆಸರು ಬರಲಿಲ್ಲ ಎನ್ನುವುದೇ ತಮಾಷೆ.

ಸ್ವಂತ ಹಾಡಿದ್ದರೆ ಬನ್ನಿ

ಹಿಲಿ ಕ್ರಿಸ್ಟಲ್ ಎಂಬ ಗಡ್ಡದ ಮನುಷ್ಯ 1973ರ ಡಿಸೆಂಬರಿನಲ್ಲಿ ಈ ಕ್ಲಬ್ಬು ತೆರೆದಾಗ ಬವರಿ ಎಂದರೆ ಮರ್ಯಾದಸ್ಥರು ಕಾಲಿಡದ ಬೀದಿ. ಕುಡಿದು ಫುಟ್‌ಪಾತಿನ ಮೇಲೆ ಬಿದ್ದವರು, ಮನೆಮಠ ಇಲ್ಲದವರು, ಪುಡಿಗಾಸಿಗೆ ರಾತ್ರಿ ಕಳೆಯಲು ಮಂಚ ಕೊಡುವ ಲಾಡ್ಜುಗಳು. ಕ್ಲಬ್ಬಿನ ಮೇಲೆಯೇ ಅಂಥದ್ದೊಂದು ಲಾಡ್ಜು ಇತ್ತು. ಒಳಗೆ ಹೋದರೆ ಸುರಂಗದಂಥ ಉದ್ದನೆಯ ಕತ್ತಲೆ ಕೋಣೆ. ಒಂದು ಬದಿಗೆ ಬಾರು, ಕೊನೆಯಲ್ಲಿ ಪುಟ್ಟ ವೇದಿಕೆ. ಹಿಲಿಯ ನಾಯಿ ಎಲ್ಲೆಂದರಲ್ಲಿ ಹೊಲಸು ಮಾಡುತ್ತಿತ್ತು. ಶೌಚಾಲಯದ ಮಾತಂತೂ ಊಟದ ಹೊತ್ತಿನಲ್ಲಿ ಬೇಡ.

1974ರ ಮಾರ್ಚ್ ಕೊನೆಗೆ 'ಟೆಲಿವಿಷನ್' ಎಂಬ ಹುಡುಗರ ತಂಡ ಮೊದಲ ಸಲ ಇಲ್ಲಿ ನುಡಿಸಿತು. ಹಿಲಿಗೆ ಅದು ಹಿಡಿಸಲಿಲ್ಲ. ಆದರೂ ಮತ್ತೆ ಬರಲು ಬಿಟ್ಟರು. ಒಪ್ಪಂದ ಸರಳ: ಬಾಗಿಲಲ್ಲಿ ಬಂದ ದುಡ್ಡು ತಂಡಕ್ಕೆ, ಬಾರಿನಲ್ಲಿ ಬಂದದ್ದು ಹಿಲಿಗೆ. ಶರತ್ತು ಒಂದೇ, ಸ್ವಂತ ಹಾಡು ಹಾಡಬೇಕು. ಇದರಲ್ಲಿ ಬರೀ ಕಲಾಪ್ರೇಮ ಇತ್ತು ಅಂದುಕೊಳ್ಳಬೇಡಿ. ಬೇರೆಯವರ ಹಾಡು ಹಾಡಿಸಿದರೆ ಕ್ಲಬ್ಬು ಹಕ್ಕುಸ್ವಾಮ್ಯದ ಶುಲ್ಕ ಕಟ್ಟಬೇಕು. ಅದು ತಪ್ಪಲಿ ಎಂಬ ವ್ಯವಹಾರ ಬುದ್ಧಿಯೂ ಇತ್ತು. ಆದರೆ ಆದ ಉಪಕಾರ ದೊಡ್ಡದು. ಆ ಕಾಲಕ್ಕೆ ಬೇರೆ ಕಡೆ ವೇದಿಕೆ ಸಿಗಬೇಕಾದರೆ ರೇಡಿಯೋದಲ್ಲಿ ಬರುವ ಹಾಡನ್ನೇ ಒಪ್ಪಿಸಬೇಕಿತ್ತು. ಹೊಸಬರ ಸ್ವಂತ ಹಾಡಿಗೆ ಕಿವಿ ಕೊಡುವವರು ಯಾರು?

1974ರ ಆಗಸ್ಟ್ 16ರ ಶುಕ್ರವಾರ ಆ ವೇದಿಕೆ ಏರಿದವರು ಫಾರೆಸ್ಟ್ ಹಿಲ್ಸ್ ಬಡಾವಣೆಯ ನಾಲ್ಕು ಹುಡುಗರು. ಚರ್ಮದ ಜಾಕೆಟ್ಟು, ಮೊಣಕಾಲಲ್ಲಿ ಹರಿದ ಜೀನ್ಸು. ಎಲ್ಲರ ಅಡ್ಡಹೆಸರೂ ರಮೋನ್. ಅಣ್ಣತಮ್ಮಂದಿರು ಅಂದುಕೊಂಡರೆ ಮೋಸ, ಒಬ್ಬರಿಗೊಬ್ಬರು ಯಾವ ನಂಟೂ ಇಲ್ಲ! ಡ್ರಮ್ಸ್ ಬಾರಿಸುತ್ತಿದ್ದ ಟಾಮಿ ಹುಟ್ಟಿದ್ದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಕೇಳುಗರು ಬೆರಳೆಣಿಕೆಯಷ್ಟು. ಹಾಡು ಶುರುವಾಗುವುದು, ನಿಲ್ಲುವುದು, ಮುಂದಿನ ಹಾಡು ಯಾವುದು ಅಂತ ವೇದಿಕೆ ಮೇಲೆಯೇ ಜಗಳ, ಮತ್ತೆ ಶುರು. ಹೀಗೆ ಸಾಗಿದವು ಅವರ ಮೊದಮೊದಲ ಕಾರ್ಯಕ್ರಮಗಳು. ಒಂದೊಂದು ಹಾಡು ಎರಡು ನಿಮಿಷ. ಇಡೀ ಕಾರ್ಯಕ್ರಮಕ್ಕೆ ಇಪ್ಪತ್ತು ನಿಮಿಷವೂ ಹಿಡಿಯುತ್ತಿರಲಿಲ್ಲ. ಬೆಳಗಾಗೋತನಕ ಬಯಲಾಟ ನೋಡಿದ ನಮ್ಮ ಕಡೆಯವರಿಗೆ ಇದು ಗಣಪತಿ ಸ್ತುತಿಗೂ ಸಾಲದು.

ನಿಮ್ಮನ್ನು ಯಾರೂ ಮೆಚ್ಚುವುದಿಲ್ಲ, ಆದರೂ ಮತ್ತೆ ಬನ್ನಿ ಎಂದು ಹಿಲಿ ಅವರಿಗೆ ಹೇಳಿದ್ದರಂತೆ. ಅವರು ಬಂದರು, ಮತ್ತೆ ಮತ್ತೆ ಬಂದರು. ಎರಡು ವರ್ಷದೊಳಗೆ, 1976ರಲ್ಲಿ, ಮೊದಲ ಆಲ್ಬಮ್ ಹೊರಬಂತು. 14 ಹಾಡು, ಎಲ್ಲಾ ಸೇರಿ ಅರ್ಧ ಗಂಟೆಯೊಳಗೆ. ಅದೇ ಜುಲೈ 4ಕ್ಕೆ ಲಂಡನ್ನಿಗೆ ಹೋಗಿ ಹಾಡಿದರು. ಗಿಟಾರಿನಲ್ಲಿ ಮೂರು ಸ್ವರಮೇಳ ಬಂದರೆ ಸಾಕು, ನಾವೂ ತಂಡ ಕಟ್ಟಬಹುದು ಎಂಬ ಧೈರ್ಯ ಬಂದದ್ದು ಇಂಥವರನ್ನು ನೋಡಿ. ಸಂಗೀತ ಬಲ್ಲವರು ಮೂಗು ಮುರಿದರು, ಮುರಿಯುವುದಕ್ಕೆ ಕಾರಣವೂ ಇತ್ತು. ಸುಶ್ರಾವ್ಯ ಅಂತ ಇದನ್ನು ಯಾರೂ ಹೇಳಲಾರರು.

ಅದೇ ವೇದಿಕೆಯಿಂದ ಬ್ಲಾಂಡಿ, ಟಾಕಿಂಗ್ ಹೆಡ್ಸ್ ತಂಡಗಳು ಬೆಳೆದವು. ಕವಿತೆ ಓದುತ್ತಾ ರಾಕ್ ಹಾಡಿಗೆ ಬಂದ ಪ್ಯಾಟಿ ಸ್ಮಿತ್ 1975ರಲ್ಲಿ ವಾರಗಟ್ಟಲೆ ಇಲ್ಲಿ ಹಾಡಿದರು.

ಬಾಡಿಗೆಯ ತಕರಾರು

ಹೀಗಿದ್ದ ಕ್ಲಬ್ಬು ಮುಚ್ಚಿದ್ದೇಕೆ? ಜನ ಬರಲಿಲ್ಲ ಅಂತಲ್ಲ. ಬೀದಿ ಸುಧಾರಿಸಿತು, ಅದೇ ಕಾರಣ. 2000ದ ಹೊತ್ತಿಗೆ ಬವರಿಯಲ್ಲಿ ಭೂಮಿಗೆ ಬಂಗಾರದ ಬೆಲೆ. ಕ್ಲಬ್ಬಿನ ತಿಂಗಳ ಬಾಡಿಗೆ ಸುಮಾರು 19 ಸಾವಿರ ಡಾಲರಿಗೆ ಏರಿತ್ತು. ಮುಂದೆ ಅದು ಹೆಚ್ಚುಕಡಿಮೆ ದುಪ್ಪಟ್ಟಾಗುವ ಮಾತು. ಇದರ ಮೇಲೆ 90 ಸಾವಿರಕ್ಕೂ ಮಿಕ್ಕಿ ಹಳೆಯ ಬಾಕಿ ಇದೆ ಎಂಬ ದಾವೆ.

ಕೇಳಿದರೆ ಎದುರಿಗಿದ್ದವನು ಯಾವನೋ ದುರಾಸೆಯ ಮಾಲೀಕ ಅನ್ನಿಸುತ್ತದೆ. ಅಲ್ಲ. ಕ್ಲಬ್ಬಿಗೆ ಜಾಗ ಕೊಟ್ಟದ್ದು ಬವರಿ ರೆಸಿಡೆಂಟ್ಸ್ ಕಮಿಟಿ, ನಿರ್ಗತಿಕರಿಗೆ ಆಸರೆ ಕೊಡುವ ಸಂಸ್ಥೆ. ಕ್ಲಬ್ಬಿನ ಮೇಲಿನ ಅಂತಸ್ತುಗಳಲ್ಲೇ ಅವರ ಆಶ್ರಯಧಾಮ. ಬಂದ ಬಾಡಿಗೆ ನಿರ್ಗತಿಕರ ಸೇವೆಗೆ ಬೇಕು ಅಂತ ಅವರು. ಈ ಕೋಣೆ ಹೋದರೆ ಇತಿಹಾಸವೇ ಹೋಯಿತು ಅಂತ ಇವರು. ಮೇಲೆ ಮಲಗುವವನಿಗೆ ಸೂರು ಮುಖ್ಯವೋ, ಕೆಳಗೆ ಹಾಡುವವನಿಗೆ ವೇದಿಕೆ ಮುಖ್ಯವೋ? ಪೇಪರಿನವರು, ಹಾಡುಗಾರರು ಹೆಚ್ಚಾಗಿ ಕ್ಲಬ್ಬಿನ ಪರ ನಿಂತರು. ಮೇಲಿನ ಅಂತಸ್ತಿನವರ ಮಾತು ಅಷ್ಟಾಗಿ ಕೇಳಿಸಲಿಲ್ಲ.

2005ರ ಆಗಸ್ಟಿನಲ್ಲಿ ಬಾಕಿಯ ಮೊಕದ್ದಮೆಯನ್ನು ಹಿಲಿ ಗೆದ್ದರು. ಆದರೆ ಏನು ಪ್ರಯೋಜನ? ಅದೇ ತಿಂಗಳ ಕೊನೆಗೆ ಕರಾರಿನ ಅವಧಿಯೇ ಮುಗಿಯಿತು. ಕೊನೆಗೆ ರಾಜಿಯಾಗಿ 2006ರ ಅಕ್ಟೋಬರ್ ಮುಗಿಯುವುದರೊಳಗೆ ಜಾಗ ಬಿಡುವುದೆಂದು ತೀರ್ಮಾನವಾಯಿತು.

ಸತ್ತವರ ಹೆಸರು

ಕೊನೆಯ ರಾತ್ರಿ ಹಾಡಲು ಬಂದವರು ಪ್ಯಾಟಿ ಸ್ಮಿತ್. ಆಗ ಅವರಿಗೆ 59 ವರ್ಷ. ಜೊತೆಗೆ 1970ರ ದಶಕದಿಂದಲೂ ಅವರಿಗೆ ಗಿಟಾರ್ ನುಡಿಸುತ್ತಿದ್ದ ಲೆನ್ನಿ ಕೇ. 1974ರಲ್ಲಿ ಟೆಲಿವಿಷನ್ ತಂಡದಲ್ಲಿದ್ದ ರಿಚರ್ಡ್ ಲಾಯ್ಡ್ ಕೂಡ ಬಂದು ನುಡಿಸಿದರು. ಕಾರ್ಯಕ್ರಮ ಮೂರು ಗಂಟೆಗೂ ಮೀರಿ ನಡೆಯಿತು, ಉಪಗ್ರಹ ರೇಡಿಯೋದಲ್ಲಿ ನೇರ ಪ್ರಸಾರವೂ ಆಯಿತು. ರಮೋನ್ಸ್ ಹಾಡುಗಳನ್ನೂ ನುಡಿಸಿದರು. ಹಾಡಬೇಕಾದವರೇ ಇರಲಿಲ್ಲವಲ್ಲ! ಜೋಯಿ 2001ರಲ್ಲಿ, ಡೀಡೀ 2002ರಲ್ಲಿ, ಜಾನಿ 2004ರಲ್ಲಿ ತೀರಿಕೊಂಡಿದ್ದರು. ಆ ರಾತ್ರಿ ಬದುಕಿದ್ದವರು ಟಾಮಿ ಒಬ್ಬರೇ. ಅವರೂ 2014ರಲ್ಲಿ ಹೋದರು.

ಯಾರಿಗೂ ಬೇಡವಾದ ಒಂದು ಹಾಳು ಜಾಗ, ನಿಮ್ಮನ್ನು ನಂಬುವ ಒಬ್ಬ ಮನುಷ್ಯ, ಇಷ್ಟಿದ್ದರೆ ಲೋಕದಲ್ಲಿ ಎಲ್ಲಿ ಬೇಕಾದರೂ ಇದನ್ನು ಮಾಡಬಹುದು ಎಂಬರ್ಥದ ಮಾತನ್ನು ಪ್ಯಾಟಿ ಅಂದು ಆಡಿದರು. ಹುಡುಗರು ತಮ್ಮ ಜಾಗ ತಾವೇ ಹುಡುಕಿಕೊಳ್ಳುತ್ತಾರೆ ಎಂದರು. ಕಟ್ಟಕಡೆಗೆ ಚೀಟಿ ಹಿಡಿದು, ತೀರಿಹೋದ ಹಾಡುಗಾರರ ಹೆಸರುಗಳನ್ನು ಒಂದೊಂದಾಗಿ ಓದಿದರು. ಮೊದಲ ಹೊತ್ತಿನ ಗದ್ದಲವೆಲ್ಲ ಈ ಓದಿನಲ್ಲಿ ಬಂದು ನಿಂತಿತು.

ಸಾಮಾನೆಲ್ಲ ಕಟ್ಟಿಕೊಂಡು ಲಾಸ್ ವೇಗಾಸ್‌ನಲ್ಲಿ ಹೊಸದಾಗಿ ಕ್ಲಬ್ಬು ತೆರೆಯುವ ಯೋಚನೆ ಹಿಲಿಗೆ ಇತ್ತು. ವರ್ಷ ತುಂಬುವುದರೊಳಗೆ, 2007ರ ಆಗಸ್ಟ್ 28ರಂದು, ಶ್ವಾಸಕೋಶದ ಕ್ಯಾನ್ಸರಿನಿಂದ ಅವರೇ ತೀರಿಕೊಂಡರು. 2008ರಲ್ಲಿ ಅದೇ 315ನೇ ನಂಬರಿನಲ್ಲಿ ದುಬಾರಿ ಗಂಡಸರ ಉಡುಪಿನ ಅಂಗಡಿ ತೆರೆಯಿತು. ಹಳೆಯ ಪೋಸ್ಟರು ಅಂಟಿದ್ದ ಗೋಡೆಯ ಒಂದಿಷ್ಟು ಭಾಗವನ್ನು ಅಂಗಡಿಯವರು ಹಾಗೇ ಉಳಿಸಿಕೊಂಡಿದ್ದರು. ಇನ್ನು ಆ ಶೌಚಾಲಯ? 2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪಂಕ್ ಉಡುಪಿನ ಪ್ರದರ್ಶನ ಏರ್ಪಡಿಸಿದಾಗ, ಗೀಚಿದ ಗೋಡೆ, ಹೊಲಸು ಸಮೇತ ಅದರ ಪ್ರತಿರೂಪವನ್ನು ಕಟ್ಟಿ ನಿಲ್ಲಿಸಿತು. ಜನ ಸಾಲುಗಟ್ಟಿ ಬಂದು ನೋಡಿ ಹೋದರು.