ಮಣ್ಣಿನ ಕೋಟೆಯೂ ಮಕ್ಕಳ ಇತಿಹಾಸವೂ

ದೀಪಾವಳಿ ಸಮೀಪಿಸಿತೆಂದರೆ ಮುಂಬಯಿ, ಪುಣೆಗಳ ಚಾಳುಗಳ ಅಂಗಳದಲ್ಲಿ ಮಕ್ಕಳು ಕೋಟೆ ಕಟ್ಟಲು ತೊಡಗುವರು. ಇದು ಮಹಾರಾಷ್ಟ್ರದ ರೂಢಿ. ಕಲ್ಲು, ಇಟ್ಟಿಗೆಗಳನ್ನು ಗುಡ್ಡದಂತೆ ಪೇರಿಸಿ, ಕೆಸರಿನಲ್ಲಿ ಅದ್ದಿದ ಗೋಣಿಚೀಲವನ್ನು ಮೇಲೆ ಹೊದಿಸಿ, ಜೇಡಿಮಣ್ಣಿನಿಂದ ಬುರುಜು, ಬಾಗಿಲು, ಮೆಟ್ಟಿಲುಗಳನ್ನು ತಿದ್ದುವರು. ಸಾಸಿವೆ ಚೆಲ್ಲಿ ನೀರು ಚಿಮುಕಿಸಿದರೆ ಕೆಲವೇ ದಿನಗಳಲ್ಲಿ ಗುಡ್ಡ ಹಸುರಾಗುವುದು. ತುದಿಯಲ್ಲಿ ಶಿವಾಜಿ ಮಹಾರಾಜರ ಬೊಂಬೆ. ಇಳಿಜಾರಿನಲ್ಲಿ ಅವರ ಸೈನಿಕರು.

ಈ ಕೋಟೆಗಳನ್ನು ನಮ್ಮಲ್ಲಿ ಹಲವರು ಕಂಡಿರುವರು, ಕೆಲಸದ ಅವಸರದಲ್ಲಿ ದಾಟಿಯೂ ಹೋಗಿರುವರು. ನಾನೂ ಹಾಗೆ ದಾಟಿ ಹೋಗುತ್ತಿದ್ದವನೇ. ಗಲ್ಲೆಯ ಮೇಲೆ ಕುಳಿತಿದ್ದ ದಿನಗಳಲ್ಲಿ ನನಗೆ ದೀಪಾವಳಿಯೆಂದರೆ ಗಿರಾಕಿಗಳ ನೂಕುನುಗ್ಗಲು, ಅಷ್ಟೇ. ಒಂದು ವರ್ಷ ನಮ್ಮ ಅಡುಗೆಯವರ ಮಗ, ಏಳನೆಯ ತರಗತಿಯ ಹುಡುಗ, ಬಂದು ಬಟಾಟೆಯ ಖಾಲಿ ಚೀಲವೊಂದನ್ನೂ ಹಿಡಿ ಸಾಸಿವೆಯನ್ನೂ ಕೇಳಿದನು. ಕೊಟ್ಟೆನು. ಮಧ್ಯಾಹ್ನ ಕುತೂಹಲದಿಂದ ಅವನ ತಂದೆಯೊಡನೆ ನೋಡಲು ಹೋದೆನು.

ಅವನು ಕಟ್ಟುತ್ತಿದ್ದುದು ರಾಯಗಡ. 1674ರಲ್ಲಿ ಶಿವಾಜಿಯ ಪಟ್ಟಾಭಿಷೇಕ ನಡೆದ ದುರ್ಗವದು. ಹುಡುಗನು ಕಡಿದಾದ ಒಂದು ಅಂಚಿನ ಮೇಲೆ ಬೆರಳಿಟ್ಟು, ಹಾಲು ಮಾರಲು ಬಂದ ಹಿರಕಣಿಯ ಐತಿಹ್ಯವನ್ನು ಹೇಳಿದನು. ಸಂಜೆ ಕೋಟೆಯ ಬಾಗಿಲು ಮುಚ್ಚಿತು, ಮನೆಯಲ್ಲಿ ಹಸುಗೂಸು, ತಾಯಿ ಕತ್ತಲಲ್ಲಿ ಬಂಡೆಯನ್ನು ಇಳಿದು ಹೋದಳು, ಅಲ್ಲಿ ಅವಳ ಹೆಸರಿನ ಬುರುಜು ಎದ್ದಿತು.

“ಪುಸ್ತಕದಲ್ಲಿ ಓದಿದೆಯೇನೋ?” ಎಂದೆನು.

“ಓದಿದ್ದೆ ಮಾಮಾ. ಆದರೆ ಎಷ್ಟು ಕಡಿದೆಂಬುದು ಕಟ್ಟುವಾಗ ತಿಳಿಯಿತು.”

ಮಾತು ನನ್ನ ಮನಸ್ಸಿಗೆ ನಾಟಿತು. “ಚಿತ್ರದುರ್ಗದ ಓಬವ್ವ ಯಾರು, ಬಲ್ಲೆಯಾ?” ಎಂದು ಕೇಳಿದೆನು. ಹುಡುಗನು ತಂದೆಯ ಮುಖ ನೋಡಿದನು. ತಂದೆ ತಲೆ ತಗ್ಗಿಸಿದರು. “ಹೇಳಲು ಹೊತ್ತೆಲ್ಲಿ ಸ್ವಾಮಿ? ನಾನು ಹೊರಡುವಾಗಲೂ ಅವನಿಗೆ ನಿದ್ದೆ, ಮರಳುವಾಗಲೂ ನಿದ್ದೆ.”

ಈ ಉತ್ತರ ಅವರೊಬ್ಬರದಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟ ನಮ್ಮೆಲ್ಲರದು.

ಮರುವರ್ಷ ಅದೇ ಅಂಗಳದಲ್ಲಿ ರಾಯಗಡದ ಮಗ್ಗುಲಿಗೆ ಚಿತ್ರದುರ್ಗವೂ ಎದ್ದಿತು. ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಒಲೆ ಹೊತ್ತುವ ನಡುವೆ ದೊರೆಯುವ ಅರ್ಧ ಗಂಟೆಯಲ್ಲಿ ತಂದೆ ಕಥೆ ಹೇಳಿದರು, ಮಗನು ಕಟ್ಟಿದನು. ಏಳು ಸುತ್ತು ಗೋಡೆಗಳಾದವು. “ಇಷ್ಟು ಜನಕ್ಕೆ ನೀರೆಲ್ಲಿಂದ?” ಎಂದು ಹುಡುಗನು ಕೇಳಿದಾಗ ಅಕ್ಕ-ತಂಗಿ ಹೊಂಡದ ನೆನಪಾಗಿ, ಎರಡು ತೆಂಗಿನ ಕರಟಗಳು ಹೊಂಡಗಳಾದವು. ಬಳಿಕ ಓಬವ್ವನ ಕಿಂಡಿ. ಮೊದಲು ಅದನ್ನು ಬಾಗಿಲಿನಷ್ಟು ಅಗಲ ಮಾಡಿದ್ದನು. “ಹೀಗಾದರೆ ಹೈದರಾಲಿಯ ಹತ್ತು ಜನ ಒಟ್ಟಿಗೆ ನುಗ್ಗುವರಲ್ಲ!” ಎಂದರು ತಂದೆ. ಹುಡುಗನು ಹೆಬ್ಬೆರಳಿನಿಂದ ಮಣ್ಣನ್ನು ಒತ್ತಿ ಒತ್ತಿ, ಒಂದೇ ಬೊಂಬೆ ತೆವಳಿ ಬರುವಷ್ಟು ಕಿರಿದು ಮಾಡಿದನು. ನೀರಿಗೆಂದು ಹೋದ ಒಬ್ಬ ಹೆಂಗಸು ಬರಿಯ ಒನಕೆಯಿಂದ ಅಷ್ಟೊಂದು ವೈರಿಗಳನ್ನು ಹೇಗೆ ತಡೆದಳೆಂಬುದು ಆಗ ಅವನಿಗೆ ಅರ್ಥವಾಯಿತು.

ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ವೀರರು ಬಹುಮಟ್ಟಿಗೆ ಹೆಸರು, ಇಸವಿಗಳಾಗಿಯೇ ಉಳಿಯುವರು. ಪರೀಕ್ಷೆ ಮುಗಿದೊಡನೆ ಮರೆತುಹೋಗುವರು. ಕೈಯಿಂದ ಕಟ್ಟುವ ಮಗುವಾದರೋ ಪ್ರಶ್ನೆ ಕೇಳಲೇಬೇಕಾಗುವುದು: ಬಾಗಿಲು ಯಾವ ಕಡೆಗೆ? ಗೋಡೆ ಎಷ್ಟೆತ್ತರ? ಆಗ ಇತಿಹಾಸ ಯಾವುದು, ಜನರ ಬಾಯಿಂದ ಬಂದ ಐತಿಹ್ಯ ಯಾವುದು ಎಂಬ ವಿವೇಚನೆಯನ್ನೂ ಹಿರಿಯರು ಕಲಿಸಬಹುದು. ಸೋಲನ್ನೂ ಮುಚ್ಚಬಾರದು. ಚಿತ್ರದುರ್ಗ 1779ರಲ್ಲಿ ಹೈದರನ ವಶವಾಯಿತು. ಕಿತ್ತೂರಿನ ಚೆನ್ನಮ್ಮ 1824ರ ಅಕ್ಟೋಬರಿನಲ್ಲಿ ಗೆದ್ದಳು, ಡಿಸೆಂಬರಿನಲ್ಲಿ ಕೋಟೆಯನ್ನು ಕಳೆದುಕೊಂಡಳು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಸೋತರೂ ಜನ ಅವರನ್ನು ಏಕೆ ಮರೆಯಲಿಲ್ಲವೆಂಬುದೇ ಮಕ್ಕಳು ಯೋಚಿಸಬೇಕಾದ ವಿಷಯ.

ಶಿವಾಜಿಯ ಬೊಂಬೆಯನ್ನು ಇಳಿಸಿ ನಮ್ಮವರನ್ನು ಕೂರಿಸಬೇಕೆಂದು ನಾನು ಹೇಳುತ್ತಿಲ್ಲ. ಅನ್ನವಿತ್ತ ನಾಡಿನ ವೀರನಿಗೆ ನಮ್ಮ ಮಕ್ಕಳ ಗೌರವ ಸಲ್ಲತಕ್ಕದ್ದೇ. ಎರಡು ಕೋಟೆಗಳಿಗೂ ಒಂದೇ ಅಂಗಳದಲ್ಲಿ ಸ್ಥಳವುಂಟು. ಒಂದೇ ಎದೆಯಲ್ಲಿಯೂ ಉಂಟು.

ಹೋಟೆಲಿನವರಾದ ನಮ್ಮಲ್ಲಿ ಗೋಣಿಚೀಲಕ್ಕೆ ಕೊರತೆಯಿಲ್ಲ, ಸಾಸಿವೆಗೂ ಇಲ್ಲ. ಕೊರತೆಯಿರುವುದು ಆ ಅರ್ಧ ಗಂಟೆಗೆ. ಮಾಲಿಕರು ಅದನ್ನು ಕೊಡಲಿ, ತಂದೆಯರು ಅದನ್ನು ಬಳಸಲಿ. ಊರಿನಿಂದ ನಾವು ತಂದ ಕಥೆಗಳು ನಮ್ಮೊಡನೆಯೇ ಮುಗಿದುಹೋಗದಿರಲಿ.