ಕ್ಷೌರದ ಕತ್ತಿಗೆ ಮರದ ಹಿಡಿ

ಕಡೂರು ತಾಲ್ಲೂಕಿನ ಚೌಳಹಿರಿಯೂರಿನಂಥ ಊರುಗಳಲ್ಲಿ ಹಳೆಯ ಮನೆಯೊಂದರ ಅಟ್ಟವನ್ನು ಶೋಧಿಸಿದರೆ, ಮಡಿಚುವ ಕ್ಷೌರದ ಕತ್ತಿಯೊಂದು ಕೈಗೆ ಸಿಕ್ಕುವುದುಂಟು. ಬಳಸಿ ಬಿಸಾಡುವ ಅಲಗು ಬಂದ ಮೇಲೆ, ಅದರಲ್ಲಿಯೂ ರಕ್ತದ ಮೂಲಕ ರೋಗ ಹರಡುವ ಭಯ ಹೆಚ್ಚಿದ ಮೇಲೆ, ಕ್ಷೌರಿಕರು ಇದನ್ನು ಬಹುಮಟ್ಟಿಗೆ ಕೈಬಿಟ್ಟರು. ಅದು ನ್ಯಾಯವೇ ಸರಿ. ಆದರೆ ಒಬ್ಬನು ತನಗೊಬ್ಬನಿಗಾಗಿಯೇ ಇರಿಸಿಕೊಂಡ ಕತ್ತಿಗೆ ಆ ಆಕ್ಷೇಪಣೆ ತಗಲದು. ಇಂಥ ಕತ್ತಿಯಲ್ಲಿ ಉಕ್ಕಿಗಿಂತ ಮೊದಲು ಕೆಡುವುದು ಹಿಡಿ. ಹೊಸದೊಂದನ್ನು ಮರದಲ್ಲಿ ಮಾಡಿಕೊಳ್ಳುವುದು ರಜೆಯ ದಿನಗಳಿಗೆ ತಕ್ಕ ಹವ್ಯಾಸ.

ಹಳೆಯ ಹಿಡಿಗಳಲ್ಲಿ ಅನೇಕವು ಸೆಲ್ಯುಲಾಯ್ಡಿನವು. ಅಮೆರಿಕದಲ್ಲಿ 1870ರಲ್ಲಿ ಪೇಟೆಂಟು ಪಡೆದ ಈ ವಸ್ತು ದಂತವನ್ನೂ ಆಮೆಚಿಪ್ಪನ್ನೂ ಅಗ್ಗವಾಗಿ ಅನುಕರಿಸಿತು. ಇದು ನೈಟ್ರೊಸೆಲ್ಯುಲೋಸ್ ಮತ್ತು ಕರ್ಪೂರಗಳ ಮಿಶ್ರಣ. ದಶಕಗಳು ಕಳೆದಂತೆ ಇದು ತಾನಾಗಿ ಒಡೆದು ನೈಟ್ರೊಜನ್ನಿನ ಆಕ್ಸೈಡುಗಳನ್ನು ಹೊರಬಿಡುತ್ತದೆ. ಅವು ಗಾಳಿಯ ತೇವದೊಡನೆ ಕೂಡಿ ಆಮ್ಲವಾಗಿ, ಒಳಗೆ ಮಡಿಚಿಟ್ಟ ಅಲಗನ್ನೇ ತಿನ್ನುತ್ತವೆ. ಕಾಯಬೇಕಾದ ಒರೆಯೇ ಕತ್ತಿಯನ್ನು ಕೊಲ್ಲುವುದೆಂದರೆ ವಿಚಿತ್ರವಲ್ಲವೆ? ಬಿರುಕುಬಿಟ್ಟು ಕರ್ಪೂರದ ವಾಸನೆ ಬೀರುವ ಹಿಡಿಯನ್ನು ಕಂಡೊಡನೆ ಕಳಚಿಬಿಡಬೇಕು. ಬೆಂಕಿಯ ಸಮೀಪಕ್ಕಂತೂ ಒಯ್ಯಲಾಗದು. ಸೆಲ್ಯುಲಾಯ್ಡು ಭಗ್ಗನೆ ಉರಿಯುತ್ತದೆ.

ಇನ್ನು ಮರದ ವಿಚಾರ. ಸುಮಾರು 150 ಮಿಲಿಮೀಟರ್ ಉದ್ದ, 20 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಎರಡು ಪಟ್ಟಿಗಳಿದ್ದರೆ ಸಾಕು. ಇಷ್ಟು ಚಿಕ್ಕ ವಸ್ತುವಿಗೆ ಯಾವ ಮರವಾದರೇನು ಎನ್ನುವಂತಿಲ್ಲ, ಏಕೆಂದರೆ ಮರವು ಕಡಿದ ಮೇಲೂ ಗಾಳಿಯಿಂದ ನೀರನ್ನು ಹೀರುತ್ತ, ಗಾಳಿಗೆ ಬಿಡುತ್ತ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 80 ಇರುವಲ್ಲಿ ಮರದೊಳಗಿನ ನೀರು, ಒಣಮರದ ತೂಕದ ಶೇಕಡ 16ರಷ್ಟು. ಆರ್ದ್ರತೆ 35ಕ್ಕೆ ಇಳಿದರೆ ನೀರು ಸುಮಾರು 7ಕ್ಕೆ ಇಳಿಯುತ್ತದೆ. ಒಂದೇ ಜಿಲ್ಲೆಯ ಶೃಂಗೇರಿಯಲ್ಲಿ ಮಳೆಗಾಲದಲ್ಲಿ ಕೊಯ್ದ ಪಟ್ಟಿಯನ್ನು ಬೇಸಗೆಯಲ್ಲಿ ಕಡೂರಿನ ಬಯಲಿಗೆ ತಂದರೆ ಅದು ಕುಗ್ಗದೆ ಇರದು.

ಈ ಕುಗ್ಗುವಿಕೆ ಎಲ್ಲ ದಿಕ್ಕಿಗೂ ಸಮನಲ್ಲ. ಹಸಿಯ ಬೀಟೆಮರ ಪೂರ್ತಿ ಒಣಗಿದಾಗ ಉಂಗುರಗಳ ಗುಂಟ ಶೇಕಡ 5.8ರಷ್ಟು, ತಿರುಳಿನಿಂದ ತೊಗಟೆಯ ಕಡೆಗೆ 2.7ರಷ್ಟು ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು. ಮೇಲೆ ಹೇಳಿದ ಬದಲಾವಣೆಗೆ ಲೆಕ್ಕ ಹಾಕಿದರೆ, 20 ಮಿಲಿಮೀಟರ್ ಅಗಲದ ಪಟ್ಟಿ ಒಂದು ರೀತಿ ಕೊಯ್ದಾಗ 0.35, ಇನ್ನೊಂದು ರೀತಿ ಕೊಯ್ದಾಗ 0.16 ಮಿಲಿಮೀಟರ್ ಸರಿಯುತ್ತದೆ. ಉಷ್ಣತೆ 20 ಡಿಗ್ರಿ ಏರಿದರೂ ಅದೇ ಅಗಲ ಹಿಗ್ಗುವುದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ ಮಾತ್ರ. ಆದುದರಿಂದ ಅಂಜಬೇಕಾದುದು ಬಿಸಿಲಿಗಲ್ಲ, ತೇವಕ್ಕೆ. ಉಂಗುರದ ಗೆರೆಗಳು ಪಟ್ಟಿಯ ಅಗಲವಾದ ಮುಖಕ್ಕೆ ಲಂಬವಾಗಿ ನಿಲ್ಲುವಂತೆ, ಎಳೆ ನೆಟ್ಟಗೆ ಉದ್ದಕ್ಕೂ ಓಡುವಂತೆ ಕೊಯ್ಯಬೇಕು. ಎಳೆ ಓರೆಯಾದರೆ ಪಟ್ಟಿ ತಿರುಚಿಕೊಳ್ಳುತ್ತದೆ, ಒಳಗಿನ ಅಲಗು ಮರಕ್ಕೆ ಉಜ್ಜುತ್ತದೆ. ಒಂದು ಮೈಕ್ರಾನಿಗಿಂತಲೂ ತೆಳುವಾದ ಆ ಬಾಯಿ ಒಂದೇ ತಾಗುವಿಕೆಗೆ ಮೊಂಡಾಗಬಹುದು.

ಬೀಟೆ ಸುಂದರವಾದ ಮರವೇನೋ ಹೌದು. ಆದರೆ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು, ಅದರ ಪುಡಿ ಕೆಲವರ ಚರ್ಮಕ್ಕೂ ಶ್ವಾಸಕ್ಕೂ ಆಗದು. ಮುರಿದ ಕುರ್ಚಿಯ ಕಾಲು ಸಿಕ್ಕರೆ ಸರಿ. ನನ್ನ ಮೆಚ್ಚುಗೆ ಬಯಲುಸೀಮೆಯ ಮರಗಳಿಗೆ. ಮುದಿ ಹುಣಸೆಯ ಕಪ್ಪುಗೆಂಪು ಚೇಗು ಒನಕೆಗೆ ಆಗುವಷ್ಟು ಗಟ್ಟಿ. ನೇಗಿಲಿಗೂ ಗಾಡಿಗೂ ಒದಗಿದ ಕರಿಜಾಲಿಯೂ ಹಾಗೆಯೇ. ಹಿತ್ತಲಲ್ಲಿ ಬಿದ್ದ ಮುರಿದ ಗಾಲಿಯ ಅರ, ಹುಳು ಹಿಡಿಯದಿದ್ದರೆ, ಬಹುಕಾಲ ಒಣಗಿ ಹದಗೊಂಡ ಮರ. ಅಂಗಡಿಯಲ್ಲಿ ಹಣ ಕೊಟ್ಟರೂ ಅಂಥದು ಸುಲಭವಾಗಿ ದೊರೆಯದು.

ಕೆಲಸಕ್ಕೆ ಮೊದಲು ಅಲಗಿಗೆ ದಪ್ಪ ಅಂಟುಪಟ್ಟಿ ಸುತ್ತಿರಿ. ಎರಡು ಪಟ್ಟಿಗಳನ್ನೂ ಒಂದಕ್ಕೊಂದು ಅಂಟಿಸಿ ಒಟ್ಟಿಗೇ ರಂಧ್ರ ಕೊರೆದರೆ ತೂತುಗಳು ಸರಿಹೊಂದುತ್ತವೆ. ಅಲಗು ತಿರುಗುವ ಕಡೆ ಒಂದು, ಬಾಲದ ಕಡೆ ಒಂದು, ಹೀಗೆ 1.6 ಮಿಲಿಮೀಟರ್ ದಪ್ಪದ ಎರಡು ಹಿತ್ತಾಳೆಯ ಮೊಳೆಗಳು. ಬಾಲದಲ್ಲಿ ಪಟ್ಟಿಗಳ ನಡುವೆ ತೆಳ್ಳನೆಯ ಬೆಣೆ ಇರುತ್ತದೆ. ಇಡೀ ರಚನೆಯ ಜೀವ ಅದೇ. ಬೆಣೆ ಪಟ್ಟಿಗಳನ್ನು ಕೊಂಚ ಬಾಗಿಸಿ ಹಿಡಿಯುವುದರಿಂದ ಅವು ಸ್ಪ್ರಿಂಗಿನಂತೆ ಅಲಗಿನ ಬುಡವನ್ನು ಒತ್ತುತ್ತವೆ. ಬಿಗುವು ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ: 3 ಮಿಲಿಮೀಟರಿನ ಪಟ್ಟಿಯನ್ನು 2ಕ್ಕೆ ಉಜ್ಜಿದರೆ ಉಳಿಯುವ ಬಿಗುವು 27ರಲ್ಲಿ 8 ಪಾಲು. ಅಂದಕ್ಕಾಗಿ ತೆಳುಮಾಡುವ ಆಸೆಗೆ ಇಲ್ಲಿ ಕಡಿವಾಣ ಬೇಕು. ಮೊಳೆಯ ತಲೆಯನ್ನು ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ಅನೇಕ ಸಲ ತಟ್ಟಿ ಅರಳಿಸಿ. ಒಂದೇ ಬಲವಾದ ಏಟಿಗೆ ಮರ ಸೀಳುತ್ತದೆ.

ಕೊನೆಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ಸಲ ಹಚ್ಚಬೇಕು. ಎಣ್ಣೆ ತೇವವನ್ನು ತಡೆಯದು, ಅದರ ಓಡಾಟವನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು. ಗಾಳಿಯ ಆಕ್ಸಿಜನ್ ಸೇರಿ ಬಿಸಿಯೇರಿ ಅದು ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಬಯಲಿನಲ್ಲಿ ಒಣಗಿಸಿರಿ. ಹಿಡಿ ಸಿದ್ಧವಾದ ಮೇಲೆ ಅಲಗನ್ನು ನಿಧಾನವಾಗಿ ಮಡಿಚಿ ಬೆಳಕಿಗೆ ಹಿಡಿದು ನೋಡಿ: ಅಲಗಿನ ಎರಡು ಪಕ್ಕದಲ್ಲಿಯೂ ಬೆಳಕಿನ ಗೆರೆ ಕಾಣಬೇಕು. ಬೇಸಗೆಯಲ್ಲೊಮ್ಮೆ, ಮಳೆ ಹಿಡಿದಾಗೊಮ್ಮೆ ಇದೇ ಪರೀಕ್ಷೆಯನ್ನು ಮತ್ತೆ ಮಾಡತಕ್ಕದ್ದು.