ದೆಹಲಿಯ ಚಳಿ, ಊರಿನ ಎಣ್ಣೆ

ಜನವರಿ ಕಾಲಿಟ್ಟಿತೆಂದರೆ ದೆಹಲಿಯ ಕನ್ನಡಿಗರ ಮನೆಗಳಲ್ಲಿ ಊರಿನಿಂದ ತಂದ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಕಲ್ಲಾಗುತ್ತದೆ. ಅದನ್ನು ಹಚ್ಚಿಸಿಕೊಳ್ಳಬೇಕಾದ ಬೆನ್ನೂ ಹಾಗೆಯೇ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಈ ಎಣ್ಣೆ, 5 ಡಿಗ್ರಿಗೂ ಇಳಿಯುವ ಇಲ್ಲಿಯ ಮುಂಜಾವಿಗೆ ಹೇಗೆ ಒಗ್ಗೀತು? ಎಳ್ಳೆಣ್ಣೆಗೆ ಈ ತೊಡಕಿಲ್ಲ. ವಾಗ್ಭಟನ ‘ಅಷ್ಟಾಂಗ ಹೃದಯ’ವು ಅಭ್ಯಂಗವನ್ನು ದಿನಚರಿಯಲ್ಲಿಯೇ ಸೇರಿಸಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ವಿಧಿಸಿದೆ. ಅಜೀರ್ಣವಿರುವವರಿಗೂ ಕಫಪೀಡಿತರಿಗೂ ಅದು ಸಲ್ಲದೆಂದೂ ಅಲ್ಲಿಯೇ ಹೇಳಿದೆ. ಜನ ಮರೆತಿರುವುದು ಈ ಎರಡನೆಯ ಮಾತನ್ನು.

ಲಕ್ಕಿಸೊಪ್ಪು ಕುದಿಸಿದ ನೀರಿನ ಸ್ನಾನ, ಹುಣಿಸೆ ಎಲೆಯ ಬಿಸಿನೀರು, ಹರಳೆಣ್ಣೆ ಸವರಿ ಬಾಡಿಸಿದ ಎಕ್ಕದೆಲೆಯ ಕಟ್ಟು, ಹುರಿದ ಉಪ್ಪಿನ ಗಂಟಿನ ಶಾಖ – ಇವೆಲ್ಲ ಹಿತ್ತಿಲಿನೊಡನೆಯೇ ಊರಿನಲ್ಲಿ ಉಳಿದುವೆಂಬುದು ಹಿರಿಯರ ಕೊರಗು. ವಾಸ್ತವವಾಗಿ ಎಕ್ಕವೂ ಹರಳೂ ದೆಹಲಿಯ ಪಾಳುನೆಲದಲ್ಲಿ ತಾವಾಗಿಯೇ ಬೆಳೆಯುತ್ತವೆ. ಲಕ್ಕಿಯೇ ಉತ್ತರದವರ ನಿರ್ಗುಂಡಿ ಅಥವಾ ಸಂಭಾಲು. ಖಾರಿ ಬಾವಲಿಯ ಗ್ರಂಧಿಗೆ ಅಂಗಡಿಗಳಲ್ಲಿ ಆ ಹೆಸರು ಹೇಳಿ ವಿಚಾರಿಸಬೇಕು. ಎಕ್ಕದ ಹಾಲು ಮಾತ್ರ ಕಣ್ಣಿಗೆ ತಾಗಕೂಡದು. ಪಾಪೆಯ ಮೇಲಿನ ಪೊರೆಗೆ ಅದರಿಂದ ಹಾನಿಯುಂಟು.

ಈ ಉಪಚಾರಗಳಲ್ಲಿ ಎಲೆಯ ಪಾಲೆಷ್ಟೋ, ಶಾಖದ ಪಾಲಂತೂ ದೊಡ್ಡದು. ಬಿಸಿ ತಗುಲಿದೆಡೆ ರಕ್ತಸಂಚಾರ ಹೆಚ್ಚಿ ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ಮೆಣಸಿನಕಾಯಿಯ ಖಾರವನ್ನೂ ಸುಡುಬಿಸಿಯನ್ನೂ ಅರಿಯುವ ನರತುದಿಯ ಗ್ರಾಹಕ ಒಂದೇ ಎಂದು ತೋರಿಸಿದ ಡೇವಿಡ್ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಮೆಂಥಾಲ್ ಕೆಣಕುವುದು ತಂಪನ್ನು ಅರಿಯುವ ಗ್ರಾಹಕವನ್ನು. ಚರ್ಮದ ಈ ಸುದ್ದಿಯ ಗದ್ದಲದಲ್ಲಿ ನೋವಿನ ಸುದ್ದಿ ಕ್ಷೀಣಿಸುತ್ತದೆ.

ಹಿತ್ತಿಲಿಲ್ಲದವರ ಆಸರೆಯಾದ ಅಮೃತಾಂಜನವನ್ನು 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಕಾಶೀನಾಥುನಿ ನಾಗೇಶ್ವರರಾಯರೂ ಆಂಧ್ರದಿಂದ ವಲಸೆ ಬಂದವರೇ. ಇಂತಹ ಹಲವು ಲೇಪಗಳಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ನಿನ ಬಂಧು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಸೇವಿಸುವವರು ಅದನ್ನು ಧಾರಾಳವಾಗಿ ಉಜ್ಜಿದರೆ ರಕ್ತಸ್ರಾವದ ಭಯವಿದೆ. ಹಸುಗೂಸಿನ ಎದೆಗೆ ಕರ್ಪೂರದೆಣ್ಣೆ ತಿಕ್ಕುವ ವಾಡಿಕೆಯೂ ನಿಲ್ಲಬೇಕು; ಕರ್ಪೂರ ಮೈಗಿಳಿದರೆ ಸೆಳವು ಬರಬಹುದು. ಮಧುಮೇಹದಿಂದ ಪಾದ ಜೋಮುಗಟ್ಟಿದವರಿಗೆ ಉಪ್ಪಿನ ಗಂಟಿನ ಬಿಸಿ ತಿಳಿಯುವುದೇ ಇಲ್ಲ, ಬೊಬ್ಬೆಯೆದ್ದ ಮೇಲೆಯೇ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಎಡಭುಜದ ನೋವಿನಲ್ಲಿ. ಹೃದಯಾಘಾತಗಳು ಚಳಿಗಾಲದಲ್ಲಿ ಹೆಚ್ಚು. ನೋವಿನೊಡನೆ ಎದೆ ಬಿಗಿದು, ಬೆವರೊಡೆದು, ದವಡೆಯವರೆಗೂ ಸೆಳೆತ ಹಬ್ಬಿದರೆ, ಎಣ್ಣೆ ಕಾಯಿಸಲು ಒಲೆ ಹಚ್ಚಬಾರದು. 112ಕ್ಕೆ ಕರೆಮಾಡಿ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.